ಮೊಳಕಾಲ್ಮೂರು ಸೀರೆ ಅಂಗಡಿಗೆ ಎಐ ಕಟ್ಟಿದ ಜಾಲತಾಣ

ಚಿತ್ರದುರ್ಗದಲ್ಲಿ ಮೊಳಕಾಲ್ಮೂರು ರೇಷ್ಮೆ ಸೀರೆ ಮಾರುವ ನಮ್ಮ ಅತ್ತಿಗೆಯವರ ಅಂಗಡಿಗೆ ಕನ್ನಡದಲ್ಲೊಂದು ಜಾಲತಾಣ ಬೇಕಿತ್ತು. ಬೇಕಾದುದನ್ನು ಬರೆದು ತಿಳಿಸಿದರೆ ವಿನ್ಯಾಸವನ್ನೂ ಕೋಡನ್ನೂ ತಾನೇ ಸಿದ್ಧಪಡಿಸುವ ಎಐ ಸಾಧನವೊಂದಕ್ಕೆ ಚಂದಾ ಕಟ್ಟಿ ಆ ಕೆಲಸ ಮಾಡಿಸಿದೆವು. ಸೀರೆಗಳನ್ನು ಪರಊರಿನವರಿಗೆ ತೋರಿಸುವ ಮಟ್ಟಿಗೆ ಅದು ಕೊಟ್ಟ ಹಣಕ್ಕೆ ತಕ್ಕ ಸಾಧನವೆಂದು ಧೈರ್ಯವಾಗಿ ಹೇಳಬಲ್ಲೆ. ಗಿರಾಕಿಗಳ ಹಣವನ್ನೂ ವಿಳಾಸವನ್ನೂ ಅದರ ಕೈಗೆ ಒಪ್ಪಿಸಬಹುದೆಂದು ಹೇಳಲಾರೆ.

ಕನ್ನಡದಲ್ಲೇ ಬರೆದ ಸೂಚನೆಯನ್ನು ಅದು ಚೆನ್ನಾಗಿ ಗ್ರಹಿಸುತ್ತದೆ. ಮುಖಪುಟ, ಸೀರೆಗಳ ಪುಟ, ಮೊಬೈಲಿಗೆ ಹೊಂದುವ ವಿನ್ಯಾಸ, ವಾಟ್ಸ್‌ಆ್ಯಪ್ ತೆರೆಯುವ ಬಟನ್ ಎಲ್ಲವೂ ಚಹಾ ಕುಡಿದು ಮುಗಿಸುವಷ್ಟರಲ್ಲಿ ಸಿದ್ಧವಾದವು.

ತೊಡಕು ಕಾಣಿಸಿದ್ದು ಅಕ್ಷರಗಳಲ್ಲಿ. ಸಾಧನವು ತಾನಾಗಿ ಆರಿಸಿದ ಇಂಟರ್, ಪಾಪಿನ್ಸ್‌ನಂಥ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳೇ ಇಲ್ಲವಾದ್ದರಿಂದ, ಪುಟವು ವಿಂಡೋಸ್ ಕಂಪ್ಯೂಟರಿನಲ್ಲಿ ಒಂದು ಬಗೆಯಾಗಿಯೂ ಆಂಡ್ರಾಯ್ಡ್ ಫೋನಿನಲ್ಲಿ ಇನ್ನೊಂದು ಬಗೆಯಾಗಿಯೂ ಕಾಣುತ್ತಿತ್ತು. ಇಂಗ್ಲಿಷಿಗೆ ಹೊಂದುವಂತೆ ಸಾಲುಗಳ ನಡುವಿನ ಅಂತರವನ್ನು ಬಿಗಿಯಾಗಿ ಇಟ್ಟಿದ್ದರಿಂದ ದೊಡ್ಡ ಶೀರ್ಷಿಕೆಗಳಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗಲುತ್ತಿದ್ದವು. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ಕೆಳಭಾಗವೇ ಕತ್ತರಿಸಿಹೋಗುತ್ತಿತ್ತು. ನೋಟೊ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಫಾಂಟನ್ನು ಹೆಸರಿಸಿ, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6 ಪಟ್ಟಿಗೆ ಏರಿಸಲು ಹೇಳಿದರೆ ಇದು ಸರಿಹೋಗುತ್ತದೆ. ಅಂಗಡಿಯ ಹಳೆಯ ದರಪಟ್ಟಿ, ಎಲ್ಲ ಸಾಧನಗಳಿಗೂ ಹೊಂದುವ ಯುನಿಕೋಡ್ ಅಲ್ಲದ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿದ್ದರೆ ಅದನ್ನು ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಇಲ್ಲವಾದರೆ ಪುಟದಲ್ಲಿ ಅರ್ಥವಿಲ್ಲದ ಚಿಹ್ನೆಗಳಷ್ಟೇ ಮೂಡುತ್ತವೆ.

ನನಗೆ ನಿಜಕ್ಕೂ ಬೇಸರವಾದದ್ದು ಬೇರೊಂದು ಸಂಗತಿಗೆ. ನಾವು ಕೇಳದಿದ್ದರೂ ಆ ಸಾಧನವು ಇಲ್ಲದ ಗಿರಾಕಿಗಳ ಹೆಸರಿನಲ್ಲಿ ಹೊಗಳಿಕೆಗಳನ್ನು ಬರೆದು, ಐದೈದು ನಕ್ಷತ್ರಗಳನ್ನು ಹಚ್ಚಿ, ಮೊಳಕಾಲ್ಮೂರಿನ ಯಾವ ಮಗ್ಗದಲ್ಲೂ ನೇಯದ ಅಂಚುಳ್ಳ ಸೀರೆಯ ಚಿತ್ರವನ್ನು ಮುಖಪುಟದಲ್ಲಿ ಇಟ್ಟಿತ್ತು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನೇಯ್ಗೆಯೊಂದನ್ನು ಮಾರುವ ಅಂಗಡಿಗೆ ಇದು ಸಣ್ಣ ದೋಷವಲ್ಲ, ಏಕೆಂದರೆ ದೂರದಿಂದ ಕೊಳ್ಳುವವರಿಗೆ ಚಿತ್ರ ಮತ್ತು ಮಾತು ಬಿಟ್ಟರೆ ಬೇರೆ ಆಧಾರವಿಲ್ಲ. ಅತ್ತಿಗೆಯವರು ಅವೆಲ್ಲವನ್ನೂ ತೆಗೆಸಿ, ಅಂಗಡಿಯ ಸೀರೆಗಳನ್ನೇ ಬಿಸಿಲ ಬೆಳಕಿನಲ್ಲಿ ಹರಡಿ, ಸೆರಗು ಮತ್ತು ಅಂಚನ್ನು ಬೇರೆ ಬೇರೆಯಾಗಿ ಫೋಟೊ ತೆಗೆದು ಹಾಕಿದರು. ತಾಣಕ್ಕೆ ಕಳೆ ಬಂದದ್ದು ಆಮೇಲೆಯೇ.

ತಿದ್ದುಪಡಿಗಳ ಖರ್ಚನ್ನೂ ಲೆಕ್ಕ ಹಾಕಬೇಕು. ಪ್ರತಿ ಸೂಚನೆಗೂ ಚಂದಾದೊಂದಿಗೆ ಸಿಗುವ ಬಳಕೆಯ ಪಾಲು (ಕ್ರೆಡಿಟ್) ಕರಗುತ್ತದೆ; ಒಂದೆಡೆ ತಿದ್ದಿದರೆ ಇನ್ನೊಂದೆಡೆ ಸರಿಯಿದ್ದದ್ದು ಕೆಡುವುದೂ ಉಂಟು. ಒಂದು ಸಲಕ್ಕೆ ಒಂದೇ ಬದಲಾವಣೆ ಕೇಳುವುದು ಲೇಸು.

ಆರ್ಡರ್ ಪಡೆಯುವ ಫಾರ್ಮ್ ಕೇಳಿದಾಗ ಅದನ್ನೂ ಸೊಗಸಾಗಿಯೇ ಮಾಡಿಕೊಟ್ಟಿತು. ಆದರೆ ಗಿರಾಕಿಗಳ ಹೆಸರು, ಫೋನ್ ನಂಬರ್ ಸೇರುವ ಡೇಟಾಬೇಸಿನಲ್ಲಿ ಯಾರು ಏನನ್ನು ಓದಬಹುದೆಂಬ ನಿಯಮ ಸಡಿಲವಾಗಿತ್ತೆಂದು, ಕೋಡ್ ಬಲ್ಲ ಪರಿಚಿತರೊಬ್ಬರು ಪರಿಶೀಲಿಸಿ ತಿಳಿಸಿದರು. ಹೊರಗಿನ ನೋಟದಲ್ಲಿ ಈ ದೋಷ ಕಾಣುವುದೇ ಇಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದೇ 2023ರಲ್ಲಿ ಕಾನೂನು ಬಂದಿರುವಾಗ, ಹೊಣೆ ಅಂಗಡಿಯ ಮೇಲೆ ಬೀಳುತ್ತದೆಯೇ ಹೊರತು ಸಾಧನದ ಮೇಲಲ್ಲ. ಫಾರ್ಮನ್ನು ತೆಗೆದುಹಾಕಿ, ಆರ್ಡರನ್ನು ವಾಟ್ಸ್‌ಆ್ಯಪ್‌ನಲ್ಲೇ ಪಡೆಯುತ್ತಿದ್ದೇವೆ.

ಆ್ಯಪ್ ಮಾಡಿಸುವ ಯೋಚನೆಯನ್ನೂ ಸದ್ಯಕ್ಕೆ ಬಿಟ್ಟಿದ್ದೇವೆ. ಗೂಗಲ್ ಪ್ಲೇಯಲ್ಲಿ ನೋಂದಣಿಗೆ ಒಮ್ಮೆ 25 ಡಾಲರ್ ಕಟ್ಟಬೇಕು; ಹೊಸ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಮಂದಿ ಸತತ 14 ದಿನ ಆ್ಯಪನ್ನು ಪರೀಕ್ಷಿಸಿರಬೇಕು. ಸೀರೆ ಅಂಗಡಿಗೆ ಅಷ್ಟೆಲ್ಲ ಅಗತ್ಯವಿಲ್ಲ. ಇದೇ ದಾರಿ ಹಿಡಿಯುವವರು ಡೊಮೇನನ್ನು, ಅಂದರೆ ತಾಣದ ವಿಳಾಸವನ್ನು, ತಮ್ಮ ಹೆಸರಿನಲ್ಲೇ ಕೊಂಡು, ಕೋಡಿನ ಪ್ರತಿಯನ್ನು ಇಳಿಸಿಕೊಂಡಿರಲಿ. ಚಂದಾ ನಿಲ್ಲಿಸಿದ ಮೇಲೂ ತಾಣ ಉಳಿಯಬೇಕಾದರೆ ಇವೆರಡೂ ಕೈಯಲ್ಲಿರಬೇಕು.