ವಿಂಡೊಲಾಂಡಾ ಮ್ಯೂಸಿಯಂ: ಒದ್ದೆ ಸಾಕ್ಸ್‌ನಲ್ಲಿ ಒಂದು ಮಧ್ಯಾಹ್ನ

ಕ್ರಿ.ಶ. 43ರಲ್ಲಿ ರೋಮನ್ ಚಕ್ರವರ್ತಿ ಕ್ಲಾಡಿಯಸ್ ಬ್ರಿಟನ್ನಿಗೆ ದಂಡು ಕಳಿಸಿದ, ಇಷ್ಟು ಗೊತ್ತಿತ್ತು. ಆ ದಂಡಿನವರಿಗೂ ಚಳಿ ಆಗುತ್ತಿತ್ತು ಅಂತ ಹೊಳೆದದ್ದು ಇಲ್ಲಿ. ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಪಕ್ಕದ ಕೋಟೆ ಇದು, 122ರಲ್ಲಿ ಶುರುವಾದ ಆ ಗೋಡೆಗಿಂತ ಹಳೆಯದು. ಬುಕ್ ಮಾಡಿದ್ದ ಟ್ಯಾಕ್ಸಿ ಕೈಕೊಟ್ಟಿತು, ಮಳೆಯಲ್ಲೇ ನಡೆದೆ. ಒದ್ದೆ ಸಾಕ್ಸ್‌ನಲ್ಲಿ ನಿಂತು ತಿಳಿದುಕೊಂಡದ್ದು ಏನು ಗೊತ್ತಾ? ತೆಳು ಮರದ ಹಲಗೆಯ ಮೇಲೆ ಶಾಯಿಯಲ್ಲಿ ಯಾರೋ ಬರೆದಿದ್ದಾರೆ: ಸಾಕ್ಸ್ ಕಳಿಸಿದ್ದೇನೆ, ಎರಡು ಜೊತೆ ಚಪ್ಪಲಿ, ಎರಡು ಚಡ್ಡಿ. ನಗು ಬಂತು, ಹೊಟ್ಟೆಕಿಚ್ಚೂ ಆಯ್ತು.

ಇನ್ನೊಂದು ಹಲಗೆಯಲ್ಲಿ ಸ್ಥಳೀಯರನ್ನು 'ಬ್ರಿಟ್ಟುಂಕುಲಿ', ಅಂದರೆ ಪುಟಗೋಸಿ ಬ್ರಿಟನ್ನರು, ಅಂತ ಹೀಯಾಳಿಸಿದ್ದಾರೆ. ಗೆದ್ದವರ ಬಾಯಿ ಅಲ್ವಾ!

ಬೂಟುಗಳ ಗಾಜಿನ ಗೋಡೆಯ ಮುಂದೆ ಜಾಸ್ತಿ ಹೊತ್ತು ನಿಂತೆ. ಗಾಳಿಯಾಡದ ಕೆಸರಲ್ಲಿ ಹೂತಿದ್ದರಿಂದ ಚರ್ಮ ಕೊಳೆತಿಲ್ಲ, ಹೊಲಿಗೆಯ ತೂತೂ ಕಾಣುತ್ತದೆ. ಸೈನಿಕರದ್ದಷ್ಟೇ ಅಲ್ಲ, ಹೆಂಗಸರದ್ದು, ಮಕ್ಕಳದ್ದೂ ಇವೆ. ಸಂಸಾರ ಸಮೇತ ಬಂದು ಕೂತಿದ್ದರು.

ಇನ್ನೊಂದು ಕೋಟೆಯ ಅಧಿಕಾರಿಯ ಹೆಂಡತಿ ಕ್ಲಾಡಿಯಾ ಸೆವೆರಾ ಗೆಳತಿಯನ್ನು ಹುಟ್ಟುಹಬ್ಬಕ್ಕೆ ಕರೆದ ಪತ್ರ ಸಿಕ್ಕಿದ್ದೂ ಇಲ್ಲೇ. ಮೂಲ ನೋಡಬೇಕಾದರೆ ಮಾತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೊತ್ತದು, ನೆನಪಿರಲಿ. ನನ್ನ ಕಡೆಯಿಂದ ಐದಕ್ಕೆ ಐದು. ಎರಡು ಜೊತೆ ಸಾಕ್ಸ್ ಒಯ್ಯಿರಿ.