ಮೈಸೂರಿನಲ್ಲಿ ಒಂದೇ ದಿನ: ಊರೊಳಗೋ, ಶ್ರೀರಂಗಪಟ್ಟಣಕ್ಕೋ?

ಎರಡನ್ನೂ ಒಂದೇ ದಿನದಲ್ಲಿ ಪೂರ್ತಿ ಮುಗಿಸುತ್ತೇನೆಂದು ಹೊರಟರೆ ಹೆಚ್ಚು ಕಾಣುವುದು ರಸ್ತೆಯೇ. ಖರ್ಚು ಹಿಡಿತದಲ್ಲಿರಬೇಕಾದರೆ ಊರೊಳಗೇ ಇರಿ. 1912ರಲ್ಲಿ ಪೂರ್ಣಗೊಂಡ ಅರಮನೆಯಿಂದ ದೇವರಾಜ ಮಾರುಕಟ್ಟೆಗೆ ನಡೆದೇ ಹೋಗಬಹುದು. ಶ್ರೀರಂಗಪಟ್ಟಣ ಸುಮಾರು 15 ಕಿಲೋಮೀಟರ್. ಬಸ್ಸು ಅಗ್ಗವೇ, ಆದರೆ ಅಲ್ಲಿ ರಂಗನಾಥನ ಗುಡಿಯಿಂದ ಟಿಪ್ಪು ಸುಲ್ತಾನನ ಸಮಾಧಿಯಿರುವ ಗುಂಬಜ್ ದೂರ, ಆಟೊ ಹಿಡಿಯಬೇಕಾಗುತ್ತದೆ.

ತಿಂಡಿಯಲ್ಲಿ ಮಾತ್ರ ಮೈಸೂರಿನದೇ ಮೇಲುಗೈ. ಮೆತ್ತನೆಯ ದೋಸೆ, ಅದರ ನೆತ್ತಿಯಲ್ಲಿ ಕರಗುತ್ತಾ ಅಂಚಿಗೆ ಜಾರುವ ಬೆಣ್ಣೆ: ಇದಕ್ಕಾಗಿ ನಾನಂತೂ ಇತಿಹಾಸವನ್ನು ಅರ್ಧ ಗಂಟೆ ಕಾಯಿಸುತ್ತೇನೆ.

ಜನಜಂಗುಳಿ ಬೇಡ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಯ ಮೇಲಿನ ಯುದ್ಧಚಿತ್ರಗಳ ಮುಂದೆ ನಿಧಾನವಾಗಿ ನಿಲ್ಲಬೇಕು ಎನ್ನುವವರಿಗೆ ಶ್ರೀರಂಗಪಟ್ಟಣವೇ ಸರಿ. ಭಾನುವಾರವಾದರೆ ಕತ್ತಲಾಗುವಷ್ಟರಲ್ಲಿ ಮೈಸೂರಿಗೆ ಮರಳಿ. ಅಂದು ಸಂಜೆ ಅರಮನೆಯ ದೀಪಗಳು ಹೊತ್ತಿಕೊಳ್ಳುತ್ತವೆ.