ರಂಟೆ, ಕುಂಟೆ, ಕೂಳೆ: ಎರೆ ಹೊಲದಲ್ಲಿ ಮೂರು ಹಿಂಗಾರು

ನವಲಗುಂದ ಭಾಗದ ನಮ್ಮ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ಮುಂಗಾರಿಗೆ ಹೆಸರು, ಅದೇ ನೆಲದಲ್ಲಿ ಹಿಂಗಾರಿಗೆ ಕಡಲೆ ಬೆಳೆಯುವುದು ವಾಡಿಕೆ. ಈ ಎರಡು ಬೆಳೆಗಳ ನಡುವೆ ಸಿಗುವ ನಾಲ್ಕೈದು ವಾರಗಳಲ್ಲಿ ಭೂಮಿಯನ್ನು ಎಷ್ಟು ಕೆದಕಬೇಕು ಎಂಬುದನ್ನು ಕಣ್ಣಾರೆ ನೋಡಲು, 2021ರಿಂದ ಸತತ ಮೂರು ವರ್ಷ ಒಂದೇ ಇಳಿಜಾರಿನ ಮೂರು ಎಕರೆಯನ್ನು ಮೂರು ಪಟ್ಟಿ ಮಾಡಿ ಮೂರು ರೀತಿಯಲ್ಲಿ ಸಾಗು ಮಾಡಿದೆ. ಮೊದಲ ಪಟ್ಟಿಗೆ ಟ್ರ್ಯಾಕ್ಟರಿನಿಂದ ರಂಟೆ (ಮಣ್ಣನ್ನು ಆಳದಿಂದ ಮಗುಚುವ ನೇಗಿಲು) ಹೊಡೆಸಿ, ಹೆಂಟೆ ಒಡೆಯಲು ರೋಟವೇಟರ್ ಹಾಯಿಸಿದೆ. ಎರಡನೆಯದನ್ನು ಮೇಲ್ಮಣ್ಣನ್ನಷ್ಟೇ ಕೆರೆಯುವ ಎತ್ತಿನ ಕುಂಟೆಯಿಂದ ಎರಡು ಸಲ ಹರಗಿದೆ, ಅಷ್ಟೇ. ಮೂರನೆಯದನ್ನು ಸ್ವಲ್ಪವೂ ಕೆದಕದೆ, ಕಾಯಿ ಬಿಡಿಸಿದ ಹೆಸರಿನ ಗಿಡ, ಉದುರಿದ ಎಲೆ, ಕೂಳೆ (ಬೆಳೆ ತೆಗೆದ ಮೇಲೆ ಉಳಿಯುವ ಬುಡ) ಎಲ್ಲವನ್ನೂ ನೆಲದ ಮೇಲೆಯೇ ಉಳಿಸಿ ನೇರವಾಗಿ ಬಿತ್ತಿದೆ. ಮೂರಕ್ಕೂ ಬೀಜ ಜೆಜಿ-11 ಎಂಬ ಕಡಲೆ ತಳಿಯದು, ಗೊಬ್ಬರವೂ ಒಂದೇ ಅಳತೆಯದು.

ಹಿಂಗಾರಿನ ಬೆಳೆ ಬದುಕುವುದೇ ಮಣ್ಣಿನೊಳಗೆ ಕೂತ ತೇವದ ಮೇಲೆ, ಆದ್ದರಿಂದ ಮೊದಲು ಅದರ ಮಾತು. ಒಂದು ಎಕರೆಗೆ 10 ಮಿ.ಮೀ. ಮಳೆ ಎಂದರೆ ಸುಮಾರು 40 ಸಾವಿರ ಲೀಟರ್ ನೀರು. ಮಣ್ಣನ್ನು ಆಳದಿಂದ ಮಗುಚಿ ಸೆಪ್ಟೆಂಬರಿನ ಬಿಸಿಲಿಗೆ ಒಡ್ಡಿದಾಗ ನಾವು ಕಳೆದುಕೊಳ್ಳುವುದು ಹೀಗೆ ಸಂಪಾದಿಸಿದ ನೀರನ್ನು. ರಂಟೆಯ ಪಟ್ಟಿಯಲ್ಲಿ ಮೇಲಿನ ನಾಲ್ಕು ಬೆರಳು ಮಣ್ಣು ಒಣಗಿ ಹುಡಿಯಾಗಿದ್ದರಿಂದ ಮೂರರಲ್ಲಿ ಎರಡು ವರ್ಷ ಬಿತ್ತನೆಗೆ ಇನ್ನೊಂದು ಮಳೆಯ ದಾರಿ ಕಾಯಬೇಕಾಯಿತು. ಕೂಳೆಯ ಪಟ್ಟಿಯಲ್ಲಿ ಕಸ ಸರಿಸಿ ಒಂದು ಹಿಡಿ ಮಣ್ಣು ಹಿಚುಕಿದರೆ ಅದು ಅಂದೇ ಉಂಡೆ ಕಟ್ಟುತ್ತಿತ್ತು. ಜನವರಿಯಲ್ಲಿ ಎರೆ ಬಿರಿಯುವ ಹೊತ್ತಿಗೆ ರಂಟೆಯ ಪಟ್ಟಿಯ ಬಿರುಕಿನೊಳಗೆ ನನ್ನ ಮುಷ್ಟಿ ಸಲೀಸಾಗಿ ಇಳಿಯುತ್ತಿದ್ದರೆ, ಕೂಳೆಯಲ್ಲಿ ಎರಡು ಬೆರಳು ಹೋಗುತ್ತಿದ್ದವು. ಕುಂಟೆಯ ಪಟ್ಟಿಯಲ್ಲಿಯೂ ಬಿರುಕು ಸಣ್ಣದೇ, ಏಕೆಂದರೆ ಬೆಳೆಯ ಸಾಲುಗಳ ನಡುವೆ ಎಡೆಕುಂಟೆ ಹೊಡೆದಾಗಲೆಲ್ಲ ಸಡಿಲವಾದ ಮೇಲ್ಮಣ್ಣು ಬಿರುಕಿನ ಬಾಯಿ ಮುಚ್ಚುತ್ತದೆ. ಹಿರಿಯರು ಎಡೆ ಹೊಡೆಯಲು ಅಷ್ಟೊಂದು ಹಟ ಹಿಡಿಯುತ್ತಿದ್ದುದು ಕಳೆಗಾಗಿ ಮಾತ್ರ ಅಲ್ಲ ಎಂಬುದು ನನಗೆ ಅರಿವಾದದ್ದು ಆಗ.

ಆದರೆ ಕೂಳೆಯ ಪಟ್ಟಿ ಮೊದಲ ವರ್ಷ ನನ್ನನ್ನು ಬಹಳ ನೋಯಿಸಿತು. ನಮ್ಮ ಮಾಮೂಲಿ ಕೂರಿಗೆಯಿಂದಲೇ ಬಿತ್ತಲು ಹೋದೆ. ಹತ್ತು ಹೆಜ್ಜೆಗೊಮ್ಮೆ ಅದರ ತಾಳುಗಳಿಗೆ (ಮಣ್ಣು ಸೀಳುವ ಹಲ್ಲುಗಳಿಗೆ) ಹೆಸರಿನ ಬಳ್ಳಿ ಸುತ್ತಿಕೊಂಡು, ಬೀಜ ಕೆಲವೆಡೆ ಮೇಲೆ ಬಿತ್ತು, ಕೆಲವೆಡೆ ಬೀಳಲೇ ಇಲ್ಲ. ಅದರ ಮೇಲೆ ಆ ನವೆಂಬರಿನ ಅಕಾಲಿಕ ಮಳೆ ಬಂದು, ಮೊಳಕೆಯೊಡೆದ ಸಸಿಗಳು ಹಳದಿಯಾಗಿ ಒರಗತೊಡಗಿದವು. ಒಂದನ್ನು ಕಿತ್ತು ನೋಡಿದರೆ ಬುಡದಲ್ಲಿ ಬಿಳಿ ಎಳೆಗಳು, ಅವುಗಳ ನಡುವೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು. ಅದು ಬುಡಕೊಳೆ ರೋಗ. ಕೊಳೆಯದೆ ಉಳಿದ ಕಸ ಮತ್ತು ಹಸಿ ಮಣ್ಣು ಒಟ್ಟಿಗೆ ಸೇರಿದರೆ ಆ ಶಿಲೀಂಧ್ರಕ್ಕೆ ಹಬ್ಬ. ಮರುವರ್ಷ ಕಸವನ್ನೂ ಗಟ್ಟಿ ನೆಲವನ್ನೂ ಸೀಳಿಕೊಂಡು ಹೋಗುವ ಕಿರಿದಾದ ತಾಳಿನ ಬಿತ್ತನೆ ಯಂತ್ರವನ್ನು ಬಾಡಿಗೆಗೆ ತಂದೆ, ಬೀಜಕ್ಕೆ ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಚ್ಚಿದೆ; ಸಸಿಗಳ ಸಾವು ಬಹಳ ಕಡಿಮೆಯಾಯಿತು.

ಕಳೆಯ ವಿಷಯದಲ್ಲಿ ರಂಟೆಯನ್ನು ಮೆಚ್ಚಲೇಬೇಕು. ಕೂಳೆಯ ಪಟ್ಟಿಯಲ್ಲಿ ಬೀಜದಿಂದ ಹುಟ್ಟುವ ಕಳೆ ವರ್ಷದಿಂದ ವರ್ಷಕ್ಕೆ ಇಳಿದರೂ, ಗಡ್ಡೆಯಿಂದ ಚಿಗುರುವ ಜೇಕು ಮತ್ತು ಬೇರಿನಿಂದ ಹಬ್ಬುವ ಕರಿಕೆ ಯಾವ ಅಡ್ಡಿಯೂ ಇಲ್ಲದೆ ಬೆಳೆದವು. ಕಳೆನಾಶಕ ಹೊಡೆಯಲು ಮನಸ್ಸಿಲ್ಲದ್ದರಿಂದ ಎರಡು ಸಲ ಹೆಚ್ಚುವರಿ ಆಳು ಹಚ್ಚಿ ಕಳೆ ತೆಗೆಸಬೇಕಾಯಿತು. ರಂಟೆ ಹೊಡೆಯುವಾಗ ಅದರ ಹಿಂದೆಯೇ ಬೆಳ್ಳಕ್ಕಿಗಳು ನಡೆದುಬಂದು ಮಣ್ಣಿನಡಿಯ ಕಾಯಿಕೊರಕದ ಕೋಶಗಳನ್ನು ಹೆಕ್ಕುವ ಲಾಭವೂ ಕೂಳೆಯಲ್ಲಿ ಸಿಗುವುದಿಲ್ಲ.

ಮಣ್ಣಿನ ಮಾತಿಗೆ ಬಂದರೆ ಚಿತ್ರ ತಿರುಗುತ್ತದೆ. ಮಳೆಯಾದ ಎರಡನೆಯ ದಿನ ಕಬ್ಬಿಣದ ಸಲಾಕೆಯನ್ನು ಚುಚ್ಚಿದರೆ ರಂಟೆಯ ಪಟ್ಟಿಯಲ್ಲಿ ಅದು ಮುಕ್ಕಾಲು ಅಡಿಗೆ ಗಕ್ಕನೆ ನಿಲ್ಲುತ್ತಿತ್ತು. ವರ್ಷಗಳ ಕಾಲ ಒಂದೇ ಆಳಕ್ಕೆ ಉತ್ತು, ಟ್ರ್ಯಾಕ್ಟರ್ ಗಾಲಿಯಿಂದ ಒತ್ತಿದ ಗಟ್ಟಿ ಪದರ ಅದು. ಮೂರನೆಯ ವರ್ಷ ಕೂಳೆಯ ಪಟ್ಟಿಯಲ್ಲಿ ಅದೇ ಸಲಾಕೆ ಒಂದೂಕಾಲು ಅಡಿ ದಾಟಿತು. ಎರೆ ಮಣ್ಣು ಒಣಗಿದಾಗ ಬಿರಿದು, ನೆನೆದಾಗ ಉಬ್ಬಿ, ಮೇಲ್ಮಣ್ಣನ್ನು ಬಿರುಕಿನೊಳಗೆ ಇಳಿಸಿಕೊಂಡು ತನ್ನನ್ನು ತಾನೇ ಉಳುತ್ತದೆ ಎಂದು ಮಣ್ಣು ಬಲ್ಲವರು ಹೇಳುವುದು ಸುಮ್ಮನೆ ಅಲ್ಲ. (ಮಸಾರಿ ಎಂದರೆ ಕೆಂಪು ಮಣ್ಣಿನ ಹೊಲದವರು ನನ್ನ ಈ ಅನುಭವವನ್ನು ಹಾಗೆಯೇ ಎತ್ತಿಕೊಳ್ಳಬಾರದು, ಆ ಮಣ್ಣಿಗೆ ಈ ಗುಣವಿಲ್ಲ, ಮಳೆ ಬಿದ್ದರೆ ಹಕ್ಕಳೆ ಕಟ್ಟುತ್ತದೆ.) 2022ರ ದೊಡ್ಡ ಮಳೆಗಳಲ್ಲಿ ರಂಟೆಯ ಪಟ್ಟಿಯಿಂದ ಹರಿದ ನೀರು ಕರ್ರಗೆ ಅಂಬಲಿಯಂತಿತ್ತು, ಕೂಳೆಯ ಪಟ್ಟಿಯದು ತೆಳ್ಳಗೆ ಬಗ್ಗಡದಂತಿತ್ತು. ಬೆಣ್ಣಿಹಳ್ಳ ಉಕ್ಕಿದಾಗಲೆಲ್ಲ ಅದರಲ್ಲಿ ಹೋಗುವುದು ನಮ್ಮದೇ ಹೊಲಗಳ ಮೇಲ್ಮಣ್ಣು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಇಳುವರಿ ಹೀಗಿತ್ತು: 2021ರಲ್ಲಿ ರಂಟೆ ಮತ್ತು ಕುಂಟೆಯ ಪಟ್ಟಿಗಳಲ್ಲಿ ಎಕರೆಗೆ ತಲಾ 6 ಕ್ವಿಂಟಲ್, ಕೂಳೆಯಲ್ಲಿ 4 ಮಾತ್ರ. 2022ರಲ್ಲಿ ಮೂರೂ ಹೆಚ್ಚುಕಡಿಮೆ ಸಮ. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ 2023ರಲ್ಲಿ ರಂಟೆಗೆ 2, ಕುಂಟೆಗೆ 3, ಕೂಳೆಗೆ 3 ಕ್ವಿಂಟಲ್. ಖರ್ಚಿನಲ್ಲಿ ರಂಟೆಯೇ ಪ್ರತಿ ವರ್ಷ ಎಲ್ಲಕ್ಕಿಂತ ದುಬಾರಿ. ಕೂಳೆಯಲ್ಲಿ ಉಳಿದ ಡೀಸೆಲ್ ಹಣದ ಬಹುಭಾಗ ಕಳೆ ತೆಗೆಯುವ ಕೂಲಿಗೆ ಹೋಯಿತು.

ನನ್ನ ಮಟ್ಟಿಗೆ ಗೆದ್ದದ್ದು ಕುಂಟೆ. ಕೂಳೆ ಮಣ್ಣಿಗೆ ಅದಕ್ಕಿಂತ ಒಳ್ಳೆಯದೆಂಬುದರಲ್ಲಿ ನನಗೆ ಸಂಶಯವಿಲ್ಲ, ಆದರೆ ಸರಿಯಾದ ಬಿತ್ತನೆ ಯಂತ್ರ ಬೇಕಾದ ದಿನ ಬಾಡಿಗೆಗೆ ಸಿಗುವುದಿಲ್ಲ, ಮತ್ತು ಮನೆಯಲ್ಲಿ ನಾಲ್ಕು ದನ ಕಟ್ಟಿಕೊಂಡವನು ಮೇವನ್ನೆಲ್ಲ ನೆಲಕ್ಕೆ ಹಾಸಲಾರ. ಈಗ ಮೂರೂ ಎಕರೆಗೆ ಕುಂಟೆಯನ್ನೇ ಹಾಯಿಸುತ್ತೇನೆ. ರೋಟವೇಟರನ್ನು ಹೊಲಕ್ಕೆ ಇಳಿಸುವುದಿಲ್ಲ. ಜೇಕು ಹಬ್ಬಿದ ಹತ್ತು ಗುಂಟೆಗೆ ಮಾತ್ರ ಏಪ್ರಿಲ್ ಬಿಸಿಲಿನಲ್ಲಿ ಒಮ್ಮೆ ರಂಟೆ ಹೊಡೆಸಿ ಗಡ್ಡೆ ಒಣಗಿಸುತ್ತೇನೆ. ಹೆಸರಿನ ಹೊಟ್ಟಿನಲ್ಲಿ ಅರ್ಧ ದನಗಳಿಗೆ, ಅರ್ಧ ಹೊಲಕ್ಕೆ. ಕಡಲೆ ಕಿತ್ತ ಮೇಲೆ ಬರುವ ಕುರಿಹಿಂಡಿನವರಿಗೆ ಹೊಲದಲ್ಲಿ ಮೂರು ರಾತ್ರಿ ಕುರಿ ನಿಲ್ಲಿಸಲು ಈಗಾಗಲೇ ಹೇಳಿಟ್ಟಿದ್ದೇನೆ.